ಕತ್ತರಿಗಿಂತ ಮೊದಲು ಗುಂಡುಪಿನ್ನು

ಹಾಸ್ಟೆಲಿನಲ್ಲಿ ಒಂದು ಫುಟ್‌ಬಾಲ್ ಸಿಕ್ಕರೆ ಅದರ ಮೇಲೆ ಒಂದು ಎ4 ಹಾಳೆ ಹಾಸಿ, ಎರಡೂ ಕೈಯಲ್ಲಿ ಒತ್ತಿ ನೋಡಿ. ಹಾಳೆ ಎಲ್ಲೆಂದರಲ್ಲಿ ಮುದುರುತ್ತೆ. ಈಗ ಹಾಳೆ ತೆಗೆದು ಹತ್ತಿಯ ಕರ್ಚೀಫ್ ಹಾಸಿ, ನಾಲ್ಕು ಮೂಲೆ ಹಿಡಿದು ಕೆಳಕ್ಕೆ ಎಳೆಯಿರಿ. ಚೆಂಡಿನ ಮೇಲ್ಭಾಗಕ್ಕೆ ಬಟ್ಟೆ ಸುಮಾರು ದೂರ ಸುಕ್ಕಿಲ್ಲದೆ ಕೂರುತ್ತೆ. ಹಾಳೆಯೂ ಚಪ್ಪಟೆ, ಕರ್ಚೀಫೂ ಚಪ್ಪಟೆ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಫ್ಯಾಷನ್ ಡಿಸೈನ್ ಓದುವವರ ಒಂದು ಇಡೀ ಪೇಪರ್ ಈ ಪ್ರಶ್ನೆ ಮೇಲೆ ನಿಂತಿದೆ. ಅದರ ಹೆಸರು ಡ್ರೇಪಿಂಗ್.

ಉತ್ತರ ನೇಯ್ಗೆಯಲ್ಲಿದೆ. ಬಟ್ಟೆಯಲ್ಲಿ ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ಎರಡೂ ಎಳೆಗಳು ತಮ್ಮ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ. ಆದರೆ ಅವು ಒಂದನ್ನೊಂದು ದಾಟುವ ಜಾಗದಲ್ಲಿ ಕೋನ ಬದಲಾಗಬಹುದು. 90 ಡಿಗ್ರಿ ಇದ್ದದ್ದು 70 ಆಗಬಹುದು, 60 ಆಗಬಹುದು. ಚೌಕ ಚೌಕದ ಕಿಟಕಿ ಜಾಲರಿಯನ್ನು ಓರೆಯಾಗಿ ಎಳೆದರೆ ಡೈಮಂಡ್ ಆಗುತ್ತಲ್ಲ, ಹಾಗೆ. ನಮ್ಮ ಭಾಷೆಯಲ್ಲಿ ಇದು ಶಿಯರ್. ಮೂಲೆಯಿಂದ ಮೂಲೆಗೆ, ಅಂದರೆ 45 ಡಿಗ್ರಿಗೆ ಎಳೆದಾಗ ಬಟ್ಟೆ ಅತಿ ಹೆಚ್ಚು ಬಾಗಿಕೊಡುತ್ತೆ. ಟೈಲರ್‌ಗಳು ಇದನ್ನು ‘ಕ್ರಾಸ್’ ಅಂತಾರೆ. ಕ್ರಾಸ್ ಪೀಸ್ ರವಿಕೆ ಹೊಲಿಸಿದ ಅಮ್ಮಂದಿರಿಗೆಲ್ಲ ಇದು ಗೊತ್ತು. ಆ ಕೋನ ಒಂದು ಮಿತಿ ದಾಟಿದರೆ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಲಾಕ್ ಆಗುತ್ತವೆ, ಅಲ್ಲಿಂದ ಸುಕ್ಕು ಶುರು. ಪೇಪರಿಗೆ ಈ ಶಿಯರ್ ಸ್ವಾತಂತ್ರ್ಯವೇ ಇಲ್ಲ.

ಇದನ್ನು ಮೊದಲು ಗಣಿತವಾಗಿ ನೋಡಿದವರು ದರ್ಜಿಗಳಲ್ಲ. ನಾವು ಫಿಲ್ಟರ್ ಡಿಸೈನಿನಲ್ಲಿ ಹೆಸರು ಕೇಳುವ ಚೆಬಿಶೆವ್. 1878ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ಬಟ್ಟೆ ಕತ್ತರಿಸುವುದರ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟರು. ಹಿಗ್ಗದ ಎಳೆಗಳ ಜಾಲವನ್ನು ಗೋಳದ ಮೇಲೆ ಹೇಗೆ ಕೂರಿಸಬಹುದು ಅನ್ನೋದು ಅವರ ಪ್ರಶ್ನೆ. 1956ರಲ್ಲಿ ಮ್ಯಾಕ್ ಮತ್ತು ಟೇಲರ್ ಅದನ್ನೇ ಮುಂದುವರಿಸಿದರು. ಇವತ್ತು ಕಾರ್ಬನ್ ಫೈಬರ್ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸುವುದಕ್ಕೂ ಡ್ರೇಪಿಂಗ್ ಅಂತಲೇ ಹೆಸರು, ಅದರ ಸಾಫ್ಟ್‌ವೇರಿನ ಒಳಗೆ ಕೂತಿರುವುದೂ ಇದೇ ಬಲೆಯ ಲೆಕ್ಕ. ನಮ್ಮ ಕ್ಯಾಂಪಸ್ಸಿನಲ್ಲಿ ಕಾರಿನ ಬಾಡಿ ಮಾಡುವ ಹುಡುಗರು ಫ್ಯಾಷನ್ ಅಂದರೆ ನಗುತ್ತಾರೆ. ನಗಲಿ ಬಿಡಿ, ಇಬ್ಬರ ಸಿಲಬಸ್ಸೂ ಒಂದೇ.

ನನಗೆ ಇದೆಲ್ಲ ಗೊತ್ತಾದದ್ದು ದೊಡ್ಡಮ್ಮನ ಮಗಳಿಂದ. ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಕೊನೇ ವರ್ಷ. ಆಕೆಯ ಫೈನಲ್ ಪ್ರಾಜೆಕ್ಟ್ ವಿಷಯ ರ‍್ಯಾಂಪ್ ಗೌನ್ ಅಲ್ಲ, ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವ ಹೆಂಗಸರ ಕೆಲಸದ ಉಡುಪು. ಊರು ಮಳವಳ್ಳಿ ಪಕ್ಕ, ಹಾಗಾಗಿ ರಿಸರ್ಚ್ ಕೂಡ ಅಲ್ಲೇ.

ಡಿಸೈನ್ ಮಾಡಲು ಎರಡು ದಾರಿ. ಒಂದು, ಅಳತೆ ತಗೊಂಡು ಪೇಪರ್ ಮೇಲೆ ಪ್ಯಾಟರ್ನ್ ಗೀಚುವುದು. ನಮ್ಮ ಇಂಜಿನಿಯರಿಂಗ್ ಡ್ರಾಯಿಂಗ್ ಇದ್ದ ಹಾಗೆ. ಎರಡನೆಯದು ಡ್ರೇಪಿಂಗ್: ತಲೆ, ಕೈ ಇಲ್ಲದ ಒಂದು ಬೊಂಬೆ, ಅದಕ್ಕೆ ಡ್ರೆಸ್ ಫಾರ್ಮ್ ಅಂತಾರೆ, ಅದರ ಮೇಲೆ ಕೋರಾ ಬಟ್ಟೆ ಹಾಸಿ, ಹಾಸಿನ ಎಳೆ ನೇರ ಇದೆಯಾ ಅಂತ ಪೆನ್ಸಿಲ್ ಗೆರೆ ಹಾಕಿ, ಗುಂಡುಪಿನ್ನು ಚುಚ್ಚುತ್ತಾ ಹೋಗುವುದು. ಹೆಚ್ಚಾದ ಬಟ್ಟೆ ಎಲ್ಲಿ ಉಬ್ಬುತ್ತೋ ಅಲ್ಲಿ ಮಡಿಚಿ ಪಿನ್ ಮಾಡಿದರೆ ಅದೇ ಡಾರ್ಟ್, ನಮ್ಮೂರ ಟೈಲರ್ ಬಾಯಲ್ಲಿ ‘ಟಕ್ಸ್’. ತೃಪ್ತಿಯಾದ ಮೇಲೆ ಪಿನ್ ಇದ್ದಲ್ಲೆಲ್ಲ ಗುರುತು ಹಾಕಿ, ಬಟ್ಟೆ ಬಿಚ್ಚಿ ಚಪ್ಪಟೆ ಹಾಸಿ, ವಕ್ರ ಗೆರೆಗಳನ್ನು ಸರಿಮಾಡಿ ಪೇಪರಿಗೆ ಇಳಿಸುತ್ತಾರೆ. ಆಮೇಲೆ ಕೋರಾ ಬಟ್ಟೆಯಲ್ಲೇ ಒಂದು ಮಾದರಿ ಹೊಲಿದು ನೋಡುವುದು. ಅದು ಟ್ವಾಲ್, ಅಂದರೆ ಪ್ರೊಟೊಟೈಪ್. ಒಳ್ಳೆ ಬಟ್ಟೆಗೆ ಕತ್ತರಿ ಬೀಳುವುದು ಕಟ್ಟಕಡೆಗೆ. ಕೈಮಗ್ಗದ ಒಂದು ಸೀರೆ ನೇಯಲು ದಿನಗಟ್ಟಲೆ ಬೇಕು, ಕತ್ತರಿಸಲು ಒಂದು ನಿಮಿಷ ಸಾಕು. ಈ ವಿದ್ಯೆಯಲ್ಲಿ ಕಂಟ್ರೋಲ್ ಜೆಡ್ ಇಲ್ಲ.

ಕೋರಾ ಬಟ್ಟೆಯೂ ಯಾವುದೋ ಒಂದು ಆಗಲ್ಲ. ಕೊನೆಗೆ ಬಳಸುವ ಬಟ್ಟೆಯ ಹಾಗೇ ಬೀಳುವಂಥದ್ದು ಬೇಕು. ಇದಕ್ಕೆ ನಮ್ಮ ಭಾಗದ ರೇಷ್ಮೆಗಿಂತ ಒಳ್ಳೆ ಉದಾಹರಣೆ ಇಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಲ್ಲಿ ಕೈಮಗ್ಗದ ರೇಷ್ಮೆ ಸೀರೆ ನೇಯುತ್ತಾರೆ. ಝರಿ ಅಂಚಿನ ಆ ಬಗೆಯ ಸೀರೆಯ ನೆರಿಗೆ ಮಡಿಚಿದ ಹಾಗೇ ಎದ್ದು ನಿಲ್ಲುತ್ತೆ. ಮೈಸೂರು ಸಿಲ್ಕಿನ ಕ್ರೇಪ್ ಸೀರೆ ನೀರಿನ ಹಾಗೆ ಇಳಿಯುತ್ತೆ. ಎರಡೂ ಹಿಪ್ಪುನೇರಳೆ ತಿಂದ ಹುಳುವಿನ ಗೂಡಿನಿಂದಲೇ ಬಂದದ್ದು. ಕ್ರೇಪಿನಲ್ಲಿ ನೂಲಿಗೆ ಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ಹುರಿ ಕೊಡುತ್ತಾರೆ, ಒಂದಿಷ್ಟು ಎಳೆಗೆ ಬಲಕ್ಕೆ, ಒಂದಿಷ್ಟಕ್ಕೆ ಎಡಕ್ಕೆ. ನೇಯ್ದ ಮೇಲೆ ಸೋಪಿನ ನೀರಲ್ಲಿ ಕುದಿಸಿದಾಗ ರೇಷ್ಮೆಯ ಅಂಟು, ಅಂದರೆ ತೂಕದ ಸುಮಾರು ಕಾಲುಭಾಗದಷ್ಟು ಸೆರಿಸಿನ್, ಕರಗಿ ಹೋಗುತ್ತೆ. ಹಿಡಿತ ತಪ್ಪಿದ ಹುರಿ ಆಗ ಬಿಚ್ಚಿಕೊಳ್ಳಲು ಒದ್ದಾಡಿ ಬಟ್ಟೆ ಸಣ್ಣಗೆ ಮುದುರುತ್ತೆ. ಎಳೆಗಳ ನಡುವೆ ಜಾಗ ಸಿಗುತ್ತೆ, ಶಿಯರ್ ಸಲೀಸು. ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾದದ್ದು 1912ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಮದ್ಲೆನ್ ವಿಯೊನೆ ತನ್ನ ಅಂಗಡಿ ತೆರೆದಳು. ಪುಟ್ಟ ಮರದ ಬೊಂಬೆಯ ಮೇಲೆ ಡ್ರೇಪ್ ಮಾಡುತ್ತಾ, ಕ್ರೇಪ್ ರೇಷ್ಮೆಯನ್ನು 45 ಡಿಗ್ರಿಗೆ ತಿರುಗಿಸಿ ಕತ್ತರಿಸಿ ಹೆಸರಾದವಳು. ಕಾಕತಾಳೀಯ ಅಷ್ಟೇ, ಆದರೂ ನನಗೆ ಖುಷಿಯಾಯಿತು.

‘ಬೀಳುವ ಗುಣ’ ಅಂದರೆ ಕವಿತೆ ಥರ ಕೇಳಿಸಬಹುದು. ಅಳೆಯೋಕೆ ಬರುತ್ತೆ. 1930ರಲ್ಲಿ ಪಿಯರ್ಸ್ ಎಂಬ ವಿಜ್ಞಾನಿ ಕೊಟ್ಟ ಪರೀಕ್ಷೆ ಇದು, ಮತ್ತು ನೀವು ಇವತ್ತು ರಾತ್ರಿಯೇ ಮಾಡಬಹುದು. ಎರಡೂವರೆ ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಬಟ್ಟೆ ಪಟ್ಟಿ ಕತ್ತರಿಸಿ. ಟೇಬಲ್ ಅಂಚಿನಿಂದ ನಿಧಾನವಾಗಿ ಹೊರಕ್ಕೆ ತಳ್ಳಿ. ತುದಿ ಬಗ್ಗುತ್ತಾ ಹೋಗಿ, ಅಂಚಿನಿಂದ ತುದಿಗೆ ಎಳೆದ ಗೆರೆ ಅಡ್ಡಮಟ್ಟದಿಂದ 41.5 ಡಿಗ್ರಿ ಕೆಳಗಿಳಿದಾಗ ನಿಲ್ಲಿಸಿ. ಹೊರಚಾಚಿದ ಉದ್ದದ ಅರ್ಧವೇ ಆ ಬಟ್ಟೆಯ ‘ಬೆಂಡಿಂಗ್ ಲೆಂತ್’. ಅದರ ಘನವನ್ನು ಬಟ್ಟೆಯ ತೂಕದಿಂದ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ) ಗುಣಿಸಿದರೆ ಬಿಗಿತನ ಸಿಗುತ್ತೆ. ಸಮತೂಕದ ಎರಡು ಬಟ್ಟೆಯಲ್ಲಿ ಒಂದು ಎರಡರಷ್ಟು ಉದ್ದ ಚಾಚಿದರೆ ಅದರ ಬಿಗಿತನ ಎಂಟರಷ್ಟು. ಕ್ಯಾಂಟಿಲಿವರ್ ಬೀಮ್ ಲೆಕ್ಕ ಮಾಡಿ ಮಾಡಿ ಬೇಜಾರಾದವರು ಒಮ್ಮೆ ಹಳೇ ಬೆಡ್‌ಶೀಟಿನಲ್ಲಿ ಮಾಡಿ ನೋಡಿ. ಹಾಸಿನ ದಿಕ್ಕಿಗೆ ಒಂದು ಪಟ್ಟಿ, ಕ್ರಾಸಿಗೆ ಒಂದು. ಉತ್ತರ ಬೇರೆ ಬೇರೆ ಬರುತ್ತೆ.

ಇನ್ನು ರಿಸರ್ಚ್. ಗೂಗಲ್‌ನಲ್ಲಿ ಚಿತ್ರ ಹುಡುಕಿ ಬೋರ್ಡಿಗೆ ಅಂಟಿಸುವುದು ಅದರ ಸುಲಭದ ಭಾಗ. ನಿಜವಾದ ಕೆಲಸ ಹೇಗಿರುತ್ತೆ ಅಂದರೆ, ಜವಳಿ ಸಂಶೋಧಕಿ ಹೇಮಲತಾ ಜೈನ್ ಉತ್ತರ ಕರ್ನಾಟಕದಲ್ಲಿ ಕಣ್ಮರೆಯಾಗಿದ್ದ ಪಟ್ಟೇದ ಅಂಚು ಸೀರೆಯ ಜಾಡು ಹಿಡಿದು ಹೋಗಿ, ಗಜೇಂದ್ರಗಡದ ನೇಕಾರರ ಮಗ್ಗದಲ್ಲಿ ಅದನ್ನು ಮತ್ತೆ ನೇಯಿಸಿದರು. ಫ್ರಾನ್ಸಿನ ಶಾಂತಾಲ್ ಬುಲಾಂಜೆ ಭಾರತ ಸುತ್ತಿ, ಸೀರೆ ಉಡುವ ಹತ್ತಾರು ಬಗೆಗಳನ್ನು ಉಡುವವರಿಂದಲೇ ಕಲಿತು 1997ರಲ್ಲಿ ಪುಸ್ತಕ ಮಾಡಿದರು. ಅಂದರೆ ಡ್ರೇಪಿಂಗ್ ಎಂಬ ಪೇಪರ್ ಇಟ್ಟವರಿಗಿಂತ ಮೊದಲೇ ನಮ್ಮ ಅಜ್ಜಿಯರು ಅದನ್ನು ಪಾಸು ಮಾಡಿದ್ದಾರೆ, ಅದೂ ಪಿನ್ನಿಲ್ಲದೆ.

ಅಕ್ಕ ಮಾಡಿದ್ದೂ ಅದನ್ನೇ. ಬೆಳಿಗ್ಗೆ ಕೂಲಿಯವರ ಜೊತೆ ಗದ್ದೆಗೆ ಹೋಗಿ ಕೂತು ನೋಡಿದಳು, ಕೇಳಿ ಫೋಟೋ ತೆಗೆದಳು, ಟೇಪ್ ಹಿಡಿದಳು. ಕೆಆರ್‌ಎಸ್ ನೀರು ಬಂದು, 1933ರಲ್ಲಿ ಮೈಷುಗರ್ ಕಂಪನಿ ಹುಟ್ಟಿದ ಮೇಲೆ ಮಂಡ್ಯದ ಹೊಲ ಕಬ್ಬಾಯಿತು. ಆದರೆ ಕಬ್ಬಿನ ಕೆಲಸಕ್ಕೆ ಅಂತ ಒಂದು ಉಡುಪು ಯಾರೂ ಮಾಡಲಿಲ್ಲ. ಕಬ್ಬಿನ ಗರಿಯ ಅಂಚು ಗರಗಸದ ಹಾಗೆ, ತೋಳು ಪೂರ್ತಿ ಗೀರುತ್ತೆ. ಅದಕ್ಕೆ ಹೆಂಗಸರು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೇಲೆ ಗಂಡನ ಹಳೇ ಫುಲ್ ತೋಳಿನ ಶರ್ಟ್ ಹಾಕುತ್ತಾರೆ, ತಲೆಗೊಂದು ಟವಲ್. ಬಸ್ಸಿನ ಕಿಟಕಿಯಿಂದ ನಾವೆಲ್ಲ ನೋಡಿರುವ ದೃಶ್ಯವೇ. ಆ ಶರ್ಟನ್ನು ಅವರು ಬೇರೆ ಗತಿಯಿಲ್ಲದೆ ಹಾಕಿದ್ದಲ್ಲ, ಸಮಸ್ಯೆಗೆ ತಾವೇ ಕಂಡುಕೊಂಡ ಪರಿಹಾರ ಅದು ಅಂತ ಅಕ್ಕನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ. ಆ ಪರಿಹಾರ ಎಲ್ಲಿ ಸೋಲುತ್ತೆ ಅನ್ನುವುದನ್ನು ಅವಳು ಹುಡುಕುತ್ತಿದ್ದಳು.

ಎರಡು ಕಡೆ ಸೋಲುತ್ತೆ. ಒಂದು ಬೆನ್ನು. ಕುಡುಗೋಲು ಹಿಡಿದು ಬಗ್ಗಿದಾಗ ಬೆನ್ನಿನ ಅಗಲ ಹೆಚ್ಚುತ್ತೆ, ಶರ್ಟ್ ಭುಜದಲ್ಲಿ ಬಿಗಿಯುತ್ತೆ, ಕಂಕುಳಲ್ಲಿ ಹರಿಯುತ್ತೆ. ಡ್ರೆಸ್ ಫಾರ್ಮ್ ಇಲ್ಲಿ ಉಪಯೋಗಕ್ಕೆ ಬರಲಿಲ್ಲ, ಯಾಕಂದ್ರೆ ಅದು ನೆಟ್ಟಗೆ ನಿಂತಿರುತ್ತೆ, ಅದಕ್ಕೆ ಕೈಯೇ ಇಲ್ಲ. ಹಾಗಾಗಿ ಅಕ್ಕ ದೊಡ್ಡಮ್ಮನನ್ನೇ ಮಂಚ ಹಿಡಿದು ಬಗ್ಗಿ ನಿಲ್ಲಿಸಿ ಕೋರಾ ಬಟ್ಟೆ ಚುಚ್ಚತೊಡಗಿದಳು. “ಎಷ್ಟೊತ್ತು ಹಿಂಗೇ ನಿಲ್ಲಿಸ್ತೀಯೇ, ಸೊಂಟ ಬಿದ್ದೋಯ್ತು” ಅಂತ ದೊಡ್ಡಮ್ಮ ಬೈಯುತ್ತಿದ್ದರೂ ಅಲ್ಲಾಡಲಿಲ್ಲ. ಬಟ್ಟೆ ಎಲ್ಲಿ ಸೆಳೆಯಿತೋ ಅಲ್ಲಿ ಸೀಳಿದಳು, ಸೀಳು ತಾನಾಗಿ ಆಪು ಬಾಯಿಯ ಹಾಗೆ ತೆರೆದುಕೊಂಡಿತು. ಆ ಖಾಲಿ ಜಾಗದ ಆಕಾರವೇ ಬೇಕಾದ ತುಂಡಿನ ಆಕಾರ.

ಇದರ ಜಾಮಿಟ್ರಿ ನೋಡಿ. ವೃತ್ತಾಕಾರದ ಪೇಪರಿನಿಂದ ಒಂದು ತ್ರಿಕೋನ ಹೋಳು ಕತ್ತರಿಸಿ ಅಂಚು ಸೇರಿಸಿದರೆ ಶಂಕು ಆಗುತ್ತೆ. ಡಾರ್ಟ್ ಮಾಡುವುದು ಇದನ್ನೇ, ಉಬ್ಬಿದ ಜಾಗಕ್ಕೆ. ಹೋಳು ಕಳೆಯುವ ಬದಲು ಸೇರಿಸಿದರೆ ಪೇಪರ್ ಕುದುರೆ ಜೀನಿನ ಆಕಾರಕ್ಕೆ ತಿರುಗುತ್ತೆ. ನಮ್ಮ ಕಂಕುಳು ಜೀನಿನ ಆಕಾರದ್ದು: ತೋಳಿನಿಂದ ಪಕ್ಕೆಗೆ ಒಂದು ಕಡೆ ಬಾಗಿದೆ, ಎದೆಯಿಂದ ಬೆನ್ನಿಗೆ ಇನ್ನೊಂದು ಕಡೆ. ಅಲ್ಲಿ ಬಟ್ಟೆ ಕಳೆದರೆ ಆಗದು, ಕೂಡಬೇಕು. ಹಳೇ ಕಾಲದ ಜುಬ್ಬಾಗಳಲ್ಲಿ ಕಂಕುಳಿಗೆ ಒಂದು ಚೌಕದ ತುಂಡು ಇರುತ್ತಲ್ಲ, ಅದಕ್ಕೇ. ಆ ಚೌಕ ಕ್ರಾಸಾಗಿ ಕೂರುವುದರಿಂದ ಕೈ ಎತ್ತಿದಾಗ ಶಿಯರ್ ಆಗಿ ಹಿಗ್ಗುತ್ತೆ. ಇನ್ನೊಂದು ವಿಷಯ ನನಗೆ ಉಲ್ಟಾ ಅನ್ನಿಸಿತ್ತು: ಕೈ ಆಡಿಸಲು ಸಲೀಸಾಗಲಿ ಅಂತ ತೋಳಿನ ಕೊಯ್ತವನ್ನು ಕೆಳಕ್ಕೆ ಇಳಿಸಿದರೆ ಕೈ ಎತ್ತಿದಾಗ ಇಡೀ ಅಂಗಿಯೇ ಮೇಲೆ ಬರುತ್ತೆ. ಕೊಯ್ತ ಕಂಕುಳಿಗೆ ಹತ್ತಿರ ಇರಬೇಕು, ಅಗಲ ತೋಳಿನಲ್ಲಿ ಇರಬೇಕು. ಪಿವಟ್ ಎಲ್ಲಿದೆ ಅಂತ ಯೋಚಿಸಿದರೆ ಅರ್ಥವಾಗುತ್ತೆ.

ಎರಡನೇ ಸೋಲನ್ನು ಅಕ್ಕ ಊಹಿಸಿರಲಿಲ್ಲ. ಮೊದಲ ಟ್ವಾಲ್ ಹೊಲಿದು ಕೂಲಿಯವರಲ್ಲಿ ಹಿರಿಯಾಕೆಯೊಬ್ಬರಿಗೆ ತೊಡಿಸಿದಳು. ಉದ್ದ ತೋಳಿನ ಅಂಗಿ, ಕೆಳಗೆ ಸಡಿಲ ಪೈಜಾಮ. ಅವರು ಬಗ್ಗಿ, ಎದ್ದು, ಕೈ ಬೀಸಿ ನೋಡಿದರು. ಆಮೇಲೆ ಹೊಟ್ಟೆಯ ಮುಂದೆ ಕೈಯಾಡಿಸಿ, “ಸಂದಾಗದೆ ಕನವ್ವ, ಆದ್ರೆ ಮಡ್ಲು ಎಲ್ಲಿ? ಗದ್ದೆ ಬದೀಲಿ ಸೊಪ್ಪು ಕುಯ್ಕಂಡ್ರೆ ಎಲ್ಲಿಗ್ ಆಕ್ಕಳನ?” ಅಂದರು. ಅಷ್ಟೇ. ಅಕ್ಕ ನೋಟ್‌ಬುಕ್ಕಿನಲ್ಲಿ ‘ಮಡಿಲು’ ಅಂತ ದೊಡ್ಡದಾಗಿ ಬರೆದು ಎರಡು ಸುತ್ತು ಹಾಕಿದ್ದಾಳೆ. ಸೀರೆಯ ಮಡಿಲು ಬೇಕಾದಾಗ ಚೀಲ, ಬೇಡದಾಗ ಏನೂ ಇಲ್ಲ. ಸೊಪ್ಪು, ಕಾಯಿ, ಮಗುವಿಗೆ ಬಿಸಿಲು ಬಿದ್ದರೆ ಮರೆ, ಬೆವರು ಒರೆಸಲು ಸೆರಗು. ಹೊಲಿದ ಬಟ್ಟೆಗೆ ಒಂದು ಜೇಬು ಹಚ್ಚಿದರೆ ಇದಕ್ಕೆ ಸಮ ಆಗಲ್ಲ.

ಹಾಗಾಗಿ ಈಗಿನ ಡಿಸೈನ್ ಅರ್ಧ ಹೊಲಿದದ್ದು, ಅರ್ಧ ಉಡುವಂಥದ್ದು. ಬೆನ್ನು, ತೋಳು ಹೊಲಿಗೆ. ಮುಂದಿನ ಭಾಗದಲ್ಲಿ ಕೈಮಗ್ಗದ ಹತ್ತಿ ಬಟ್ಟೆಯ ಪೂರ್ತಿ ಅಗಲವನ್ನು ಕತ್ತರಿಸದೆ ಬಿಟ್ಟಿದ್ದಾಳೆ. ಅದನ್ನು ಎತ್ತಿ ಸೊಂಟದ ಲಾಡಿಗೆ ಸಿಕ್ಕಿಸಿದರೆ ಮಡಿಲು, ಬಿಟ್ಟರೆ ನೆರಿಗೆ. ಹತ್ತಿಯೇ ಯಾಕೆ ಅಂತ ಕೇಳಿದ್ದಕ್ಕೆ ಟೇಬಲ್ ತೋರಿಸಿದಳು: ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8.5 ಶೇಕಡಾ ತೇವ ಹೀರಿಟ್ಟುಕೊಳ್ಳುತ್ತೆ, ಪಾಲಿಯೆಸ್ಟರ್ 0.4. ಗಂಡನ ಹಳೇ ಶರ್ಟು ಬಹಳ ಸಲ ಪಾಲಿಯೆಸ್ಟರ್ ಮಿಶ್ರಣದ್ದು. ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ಆ ಎರಡು ಸಂಖ್ಯೆಯ ನಡುವಿನ ವ್ಯತ್ಯಾಸ ಮೈಮೇಲೆ ಅಂಟಿಕೊಂಡಿರುತ್ತೆ. ಹತ್ತಿ ಒದ್ದೆಯಾದರೆ ಭಾರ, ಬೇಗ ಒಣಗಲ್ಲ ಅನ್ನುವುದೂ ನಿಜ. ಅದಕ್ಕೆ ಮುಂದಿನ ಬಟ್ಟೆ ತೆಳು, ತೋಳಿನದು ದಪ್ಪ.

ಇದು ಕೂಲಿಯವರ ಕೈಗೆ ಎಟಕುವ ಬೆಲೆಗೆ ಬರುತ್ತಾ? ಕೈಮಗ್ಗದಲ್ಲಿ ಕಷ್ಟ. ಗಂಡನ ಹಳೇ ಶರ್ಟಿಗೆ ದುಡ್ಡೇ ಬೇಡ. ಅಕ್ಕನಿಗೂ ಇದು ಗೊತ್ತಿದೆ. ಹಾಗಾಗಿ ಪೂರ್ತಿ ಉಡುಪಿನ ಜೊತೆ ಇನ್ನೊಂದು ಪ್ಯಾಟರ್ನ್ ಕೂಡ ಮಾಡುತ್ತಿದ್ದಾಳೆ: ಮನೆಯಲ್ಲಿರುವ ಹಳೇ ಶರ್ಟನ್ನೇ ಬಿಚ್ಚಿ, ಬೆನ್ನಿಗೆ ಒಂದು ಆಪು, ಕಂಕುಳಿಗೆ ಎರಡು ಚೌಕ ಸೇರಿಸುವುದು. ಊರಿನ ಟೈಲರ್ ಒಬ್ಬರು ನೋಡಿ, ಅರ್ಧ ಗಂಟೆ ಕೆಲಸ ಅಂದಿದ್ದಾರೆ. ನನ್ನನ್ನು ಕೇಳಿದರೆ ಪ್ರಾಜೆಕ್ಟಿನ ಅತ್ಯುತ್ತಮ ಭಾಗ ಇದೇ, ಮಾರ್ಕ್ಸ್ ಎಷ್ಟು ಬರುತ್ತೋ ನೋಡಬೇಕು.

ಮೂರನೇ ಟ್ವಾಲ್ ಈಗ ಗದ್ದೆಯಲ್ಲಿದೆ. ಆ ಹಿರಿಯಾಕೆ ಒಂದು ವಾರ ಹಾಕಿ ಕೆಲಸ ಮಾಡುತ್ತಾರೆ. ಎಲ್ಲಿ ಬಿಗಿಯುತ್ತೋ ಅಲ್ಲಿ ಗುರುತು ಹಾಕಲಿ ಅಂತ ಅಕ್ಕ ಒಂದು ಬಟ್ಟೆ ಮಾರ್ಕರ್ ಕೊಟ್ಟು ಬಂದಿದ್ದಾಳೆ. ಮೊನ್ನೆ ಫೋಟೋ ಬಂತು: ಮೊಣಕೈ ಹತ್ತಿರ ಎರಡು ನೀಲಿ ಗೆರೆ, ಮಡಿಲಿನ ತುಂಬ ಅಣ್ಣೆಸೊಪ್ಪು.