ಯತ್ನವೂ ಅಂಕವೂ



ಅಮೆರಿಕಾ ದೇಶದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ನನಗೊಂದು ಪತ್ರವನ್ನು ಬರೆದಳು. ಅವಳ ಮಗನು ಅಲ್ಲಿಯ ಹೈಸ್ಕೂಲಿನ ಅಮೆರಿಕನ್ ಫುಟ್ಬಾಲ್ ತಂಡದಲ್ಲಿ ಚೆಂಡನ್ನು ಒದೆಯುವವನು. "ಅವನು ಒದೆದ ಚೆಂಡು ಗೋಲಿನ ಕಂಬಗಳ ನಡುವೆ ಹೋದುದನ್ನು ಕಣ್ಣಾರೆ ಕಂಡೆನು, ಆದರೂ ತೀರ್ಪುಗಾರರು ಅಂಕ ಕೊಡಲಿಲ್ಲ. ಇದು ಅನ್ಯಾಯವಲ್ಲವೇ, ಅಮ್ಮನವರೇ?" ಎಂದು ಕೇಳಿದ್ದಳು. ಉತ್ತರ ಕೊಡುವುದಕ್ಕಾಗಿ ಆ ಹೈಸ್ಕೂಲುಗಳ ಆಟದ ನಿಯಮಗಳನ್ನು ಓದಿದೆನು. ತಿಳಿದುದನ್ನು ಇಲ್ಲಿ ವಿವರಿಸುವೆನು.

ಚೆಂಡನ್ನು ಹಿಡಿದ ಆಟಗಾರನು ಅದನ್ನು ಎದುರಾಳಿಗಳ ಗೋಲುಗೆರೆಗೆ ತಲುಪಿಸಿದರೆ ಅದು ಟಚ್‌ಡೌನ್. ಅದಕ್ಕೆ 6 ಅಂಕಗಳು. ಚೆಂಡನ್ನು ನೆಲಕ್ಕೆ ಮುಟ್ಟಿಸಬೇಕೆಂಬ ಅರ್ಥವು ಹೆಸರಿನಲ್ಲಿದ್ದರೂ ನಿಯಮದಲ್ಲಿಲ್ಲ. ಚೆಂಡಿನ ಯಾವ ಭಾಗವಾದರೂ ಗೆರೆಯ ನೇರವನ್ನು ಮುಟ್ಟಿದರೆ ಸಾಕು.

ಟಚ್‌ಡೌನ್ ಆದ ತಂಡಕ್ಕೆ 3 ಗಜಗಳ ಗೆರೆಯಿಂದ ಇನ್ನೊಂದು ಅವಕಾಶವುಂಟು. ಚೆಂಡನ್ನು ಒದ್ದು ಗೋಲು ಮಾಡಿದರೆ 1 ಅಂಕ. ಓಡಿಯಾಗಲಿ ಎಸೆದು ಹಿಡಿದಾಗಲಿ ಗೆರೆಯನ್ನು ದಾಟಿಸಿದರೆ 2. ಜನರು ಇದನ್ನು 'ಎಕ್ಸ್‌ಟ್ರಾ ಪಾಯಿಂಟ್' ಎನ್ನುವರು. ನಿಯಮದ ಪುಸ್ತಕವಾದರೋ 'ಟ್ರೈ', ಅಂದರೆ ಯತ್ನ, ಎನ್ನುತ್ತದೆ. ಜನರ ಮಾತಿನಲ್ಲಿ ಅಂಕವು ಬಂದೇ ಬಂದಿತೆಂಬ ಧ್ವನಿಯಿದೆ. ನಿಯಮದ ಮಾತಿನಲ್ಲಿ ಅವಕಾಶ ಮಾತ್ರವಿದೆ. ಯತ್ನವು ತಪ್ಪಿದರೂ ಮೊದಲಿನ 6 ಅಂಕಗಳಿಗೆ ಕುಂದಿಲ್ಲ.

ಫೀಲ್ಡ್ ಗೋಲಿನ ವಿಷಯವೂ ಹೀಗೆಯೇ. ಗೆರೆಯವರೆಗೆ ಹೋಗಲಾರೆವೆಂದು ತೋರಿದಾಗ ತಂಡವು ದೂರದಿಂದಲೇ ಗೋಲಿಗೆ ಒದೆಯುವುದು. ಒದೆಯುವುದು ಯತ್ನ, ಗೋಲಾದರೆ ಮಾತ್ರ ಫೀಲ್ಡ್ ಗೋಲ್, ಅದಕ್ಕೆ 3 ಅಂಕಗಳು. ಗುರಿ ತಪ್ಪಿದ ಚೆಂಡು ಗೋಲುಗೆರೆಯನ್ನು ದಾಟಿದರೆ ಎದುರಾಳಿಗಳು ತಮ್ಮ 20 ಗಜಗಳ ಗೆರೆಯಿಂದ ಆಟವನ್ನು ಆರಂಭಿಸುವರು.

ಇನ್ನು ತೀರ್ಪಿನ ವಿಚಾರ. ಗೋಲಿನ ಅಡ್ಡಪಟ್ಟಿಯು ನೆಲದಿಂದ 10 ಅಡಿ ಎತ್ತರದಲ್ಲಿರುತ್ತದೆ. ಕಂಬಗಳ ನಡುವಣ ಅಂತರವು 23 ಅಡಿ 4 ಅಂಗುಲ. ಚೆಂಡು ಪಟ್ಟಿಯ ಮೇಲೆ, ಕಂಬಗಳ ನಡುವೆ ಹೋಗಬೇಕು. ಕಂಬಕ್ಕೆ ತಗಲಿ ಒಳಗೆ ಹೋದರೂ ಅದು ಗೋಲೇ. ಅಂಕವಾದರೆ ತೀರ್ಪುಗಾರರು ಎರಡು ತೋಳುಗಳನ್ನೂ ಮೇಲಕ್ಕೆತ್ತುವರು. ಆಗದಿದ್ದರೆ ತೋಳುಗಳನ್ನು ಮುಂದೆ ಅಡ್ಡಡ್ಡವಾಗಿ ಬೀಸುವರು. ಅಂಗೈಗಳನ್ನು ತಲೆಯ ಮೇಲೆ ಜೋಡಿಸಿದರೆ, ನಮಗೆ ಕೈಮುಗಿದಂತೆ ಕಂಡರೂ, ಅದು 'ಸೇಫ್ಟಿ'ಯ ಗುರುತು. ಚೆಂಡುಳ್ಳವನು ತನ್ನದೇ ಗೋಲುಗೆರೆಯ ಹಿಂದೆ ಸಿಕ್ಕಿಬಿದ್ದು ಎದುರಾಳಿಗಳಿಗೆ 2 ಅಂಕಗಳು ದೊರೆತವೆಂದು ಅದರ ಅರ್ಥ.

ಮೈದಾನದ ಮಗ್ಗುಲಲ್ಲಿ ಕುಳಿತವರಿಗೆ ಚೆಂಡಿನ ಎತ್ತರವು ಕಾಣುವುದೇ ಹೊರತು ಅದು ಕಂಬದ ಒಳಗೆ ಹೋಯಿತೋ ಹೊರಗೆ ಹೋಯಿತೋ ಕಾಣದು. ಆದಕಾರಣವೇ ತೀರ್ಪುಗಾರರು ಕಂಬಗಳ ಬುಡದಲ್ಲಿ ನಿಂತು ಮೇಲಕ್ಕೆ ನೋಡುವರು.

"ನೀನು ಎಲ್ಲಿ ಕುಳಿತಿದ್ದೆ, ಮಗಳೇ?" ಎಂದು ಬರೆದು ಕೇಳಿದೆನು. "ಮಗ್ಗುಲಿನ ಮೆಟ್ಟಿಲುಗಳಲ್ಲಿ" ಎಂದು ಉತ್ತರ ಬಂದಿತು. ಚೆಂಡು ಹೊರಗೆ ಹೋಯಿತೆಂದು ಮಗನೇ ಆ ಸಂಜೆ ಹೇಳಿದ್ದನೆಂದೂ, ತಾನು ನಂಬಿರಲಿಲ್ಲವೆಂದೂ ಕೆಳಗೆ ಬರೆದಿದ್ದಳು.