ನಡುಗಡ್ಡೆಯ ಕಾಡು ಕುಟ್ಟು ಕಲಿಸುವ ಪಾಠ



ಹುಳಿ ಚುಕ್ಕಾ ಪಲ್ಯೆಯನ್ನು ಉಣ್ಣದವರು ನಮ್ಮಲ್ಲಿ ಯಾರಿದ್ದಾರೆ? ಉತ್ತರದ ಜನರು ಉಪವಾಸದ ದಿನ ಕುಟ್ಟು ಎಂಬ ಕಾಳಿನ ಹಿಟ್ಟಿನಿಂದ ಪೂರಿ ಮಾಡುವದನ್ನೂ ಕೆಲವರು ಕೇಳಿರಬಹುದು. ಚುಕ್ಕಾ, ಕುಟ್ಟು ಎರಡೂ ಒಂದೇ ಮನೆತನದ ಸಸ್ಯಗಳು. ಅದೇ ಮನೆತನದ ಒಂದು ಕಾಡುಗಿಡ ಈ ವಾರದ ಪಾಠ. ಗಿಡ ದೂರದ್ದು, ಅದು ಕಲಿಸುವ ಮಾತು ನಮ್ಮ ಗಾಯರಾಣಕ್ಕೆ ಹತ್ತಿರದ್ದು.

ಗಿಡದ ಪರಿಚಯ: ಅಮೇರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ದಂಡೆಗೆ ಎದುರಾಗಿ ಸಮುದ್ರದಲ್ಲಿ ಎಂಟು ನಡುಗಡ್ಡೆಗಳಿವೆ. ಅವುಗಳಲ್ಲಿ ಸಾಂತಾ ಕ್ರೂಜ್, ಸಾಂತಾ ರೋಸಾ, ಅನಕಾಪಾ ಈ ಮೂರರಲ್ಲಿ ಮಾತ್ರ ಈ ಗಿಡ ತಾನಾಗಿ ಬೆಳೆಯುವದು. ಶಾಸ್ತ್ರಜ್ಞರು ಇದನ್ನು ಎರಿಯೋಗೋನಮ್ ಆರ್ಬೊರೆಸೆನ್ಸ್ ಎನ್ನುವರು. ಎತ್ತರ ಮೂರು ನಾಲ್ಕು ಅಡಿ. ಎಲೆ ಸಣ್ಣದು, ಸೀಳಿದಂತೆ ಉದ್ದ. ಅಂಚು ಕೆಳಕ್ಕೆ ಮಡಚಿರುವದು, ಅಡಿಭಾಗದಲ್ಲಿ ಬಿಳಿ ಉಣ್ಣೆಯಂಥ ನವಿರು. ಅಲ್ಲಿ ಮಳೆ ಚಳಿಗಾಲದಲ್ಲಿ ಬೀಳುವದು, ಬೇಸಿಗೆಯೆಲ್ಲ ಒಣ. ಆ ಮಡಿಕೆ, ಆ ನವಿರು ಎಲೆಯ ತೇವವನ್ನು ಕಾಯುವವು. ಬಿಳಿಗುಲಾಬಿ ಬಣ್ಣದ ಹೂಗೊಂಚಲಿಗೆ ಜೇನ್ನೊಣಗಳು ಮುತ್ತುವವು. ಒಣಗಿದ ಮೇಲೆ ಗೊಂಚಲು ತುಕ್ಕಿನ ಬಣ್ಣಕ್ಕೆ ತಿರುಗುವದು.

ಕುರಿ ಬಂದಾಗ: ಆ ನಡುಗಡ್ಡೆಗಳಲ್ಲಿ ಸಾವಿರಾರು ವರ್ಷಗಳಿಂದ ಕುರಿ, ಆಡು, ಜಿಂಕೆ ಯಾವುದೂ ಇರಲಿಲ್ಲ. 1850ರ ಸುಮಾರಿಗೆ ಸಾಂತಾ ಕ್ರೂಜಿಗೆ ಕುರಿಗಳನ್ನು ತಂದರು. ಎಷ್ಟೋ ಕುರಿಗಳು ಗುಡ್ಡ ಸೇರಿ ಕಾಡುಬಿದ್ದು ಬೆಳೆದವು. ಗುಡ್ಡ ಬೋಳಾಯಿತು, ಮಣ್ಣು ಕೊಚ್ಚಿಹೋಯಿತು. ಕುರಿಯ ಕಾಲು ತಲಪದ ಕಡಿದಾದ ಬಂಡೆಗಳ ಮೇಲೆ ನಮ್ಮ ಗಿಡ ಉಳಿಯಿತು.

ಇದನ್ನು ಪಾಠ ಹೇಳುವಾಗ ಒಬ್ಬ ಹುಡುಗ ಕೇಳಿದ: "ಗುರುಗಳೇ, ಮೇದ ಗಿಡ ಮತ್ತೆ ಚಿಗುರುವದಿಲ್ಲವೇ?" ಒಳ್ಳೆಯ ಪ್ರಶ್ನೆ. ದೊಡ್ಡ ಗಿಡ ಚಿಗುರೀತು. ಆದರೆ ಬೀಜದಿಂದ ಎದ್ದ ಎಳೆ ಸಸಿಯನ್ನು ಕುರಿ ಬುಡಸಮೇತ ತಿನ್ನುವದು. ವರುಷ ವರುಷವೂ ಹೀಗಾದರೆ ಮುದಿ ಗಿಡಗಳು ಸಾಯುವವು, ಅವುಗಳ ಜಾಗಕ್ಕೆ ಬರುವವರಿಲ್ಲ. ಮುದುಕರು ಮಾತ್ರ ಉಳಿದ ಮನೆಯಂತೆ ಅದು.

ಕುರಿ ಹೋದ ಮೇಲೆ: 1978ರಲ್ಲಿ ನಿಸರ್ಗ ರಕ್ಷಣೆಯ ಒಂದು ಸಂಸ್ಥೆ ಸಾಂತಾ ಕ್ರೂಜಿನ ದೊಡ್ಡ ಭಾಗದ ಹೊಣೆ ಹೊತ್ತಿತು. 1980ರ ದಶಕದಲ್ಲಿ ಮೂವತ್ತು ಸಾವಿರಕ್ಕೂ ಮೇಲ್ಪಟ್ಟು ಕಾಡುಕುರಿಗಳನ್ನು ಗುಂಡಿಕ್ಕಿ ತೆಗೆಯಬೇಕಾಯಿತು. ಆಗ ಬೋಳು ಇಳಿಜಾರುಗಳಲ್ಲಿ ಕಾಡು ಕುಟ್ಟಿನ ಸಸಿಗಳು ಎದ್ದವು. ಆದರೆ ಇನ್ನೊಂದು ಕಡೆ, ದನ ಕುರಿ ಹೋದ ಬಯಲಿನಲ್ಲಿ, ಹೊರಗಿನಿಂದ ಬಂದಿದ್ದ ಬಡೇಸೋಪಿನ ಗಿಡ ಆಳೆತ್ತರ ಬೆಳೆದು ನೆಲವನ್ನೇ ಮುಚ್ಚಿತು. ನೆಲಕ್ಕೆ ಬಿಡುವು ಬೇಕು. ಬಿಡುವಿನೊಡನೆ ಕಳೆಯ ಮೇಲೆ ಕಣ್ಣೂ ಬೇಕು.

ನಾವು ಮಾಡತಕ್ಕದ್ದು: ನಮ್ಮ ಕುರಿ ಆಡುಗಳು ಬಡವನ ಗಂಟು. ಅವುಗಳನ್ನು ಬಿಡಿರೆಂದು ಹೇಳುವವನು ನಾನಲ್ಲ, ನನ್ನ ಹಟ್ಟಿಯಲ್ಲೂ ನಾಲ್ಕು ಆಡುಗಳಿವೆ. ಸಾಂತಾ ಕ್ರೂಜಿನ ಕುರಿಗೆ ಕಾಯುವವನಿರಲಿಲ್ಲ, ನಮ್ಮ ಕುರಿಗೆ ಇದ್ದಾನೆ. ಇಷ್ಟೇ ಭೇದ, ಆದರೆ ದೊಡ್ಡ ಭೇದ.

ಮಾಡಿ ನೋಡಿರಿ: ಗಾಯರಾಣದ ಒಂದು ಮೂಲೆಯಲ್ಲಿ, ಪಂಚರಿಗೆ ಹೇಳಿ, ಹತ್ತು ಮೊಳ ಉದ್ದ ಹತ್ತು ಮೊಳ ಅಗಲದ ಜಾಗಕ್ಕೆ ಜಾಲಿಮುಳ್ಳಿನ ಬೇಲಿ ಹಾಕಿರಿ. ಎರಡು ಮಳೆಗಾಲ ಬಿಟ್ಟು ಬೇಲಿಯ ಒಳಗೆ ಎಷ್ಟು ಬಗೆಯ ಸಸಿ ಎದ್ದಿವೆ, ಹೊರಗೆ ಎಷ್ಟು, ಮಕ್ಕಳಿಂದ ಎಣಿಸಿರಿ. ಆ ಎಣಿಕೆ ನೋಡಿದ ಮೇಲೆ ಗಾಯರಾಣವನ್ನು ಮೂರು ಪಾಲು ಮಾಡಿ ಸರದಿಯಂತೆ ಮೇಯಿಸಬೇಕೋ ಬೇಡವೋ ಎಂಬದನ್ನು ಊರೇ ಕೂತು ತೀರ್ಮಾನಿಸಲಿ.