ಅದೇ ಗಾಡಿ, ಎರಡು ದಿಕ್ಕು

ಹಾವೇರಿ ಸ್ಟೇಷನ್ನಿನಲ್ಲಿ ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ತೆಂಕಣಕ್ಕೆ ಹೋದರೆ ಮೈಸೂರು, ಬಡಗಣಕ್ಕೆ ಹೋದರೆ ವಿಜಯಪುರ. ಮೈಸೂರಿಗೂ ಪಂಢರಪುರಕ್ಕೂ ನಡುವೆ ಓಡಾಡುವ ಈ ಗಾಡಿಯ ಹಾದಿಯಲ್ಲಿ ನಾವು ನಡುವಿನವರು. ಗಳಗನಾಥದ ನಮ್ಮ ಮನೆಯಲ್ಲಿ ಮಕ್ಕಳಿಗೆ ರಜೆ ಬಂತೆಂದರೆ ಏಳುವ ಮಾತೂ ಈ ಎರಡು ಊರುಗಳದ್ದೇ. ಅವ್ವನಿಗೆ ಅರಮನೆಯ ದೀಪ ನೋಡಬೇಕು. ಎಂಟನೇ ತರಗತಿಯ ಮಗಳಿಗೆ ಗೋಲಗುಮ್ಮಟದೊಳಗೆ ಕೂಗಿ ನೋಡಬೇಕು. ಒಂಬತ್ತು ವರ್ಷದ ಮಗನಿಗೆ ಹುಲಿ, ಆನೆ. ನಾಲ್ಕು ದಿನ ಒಲೆಯ ಮುಂದೆ ನಿಲ್ಲದಿದ್ದರೆ ಸಾಕು, ಯಾವ ಊರಾದರೂ ಆದೀತು ಎನ್ನುವವಳು ನನ್ನ ಹೆಂಡತಿ.

2022ರಲ್ಲಿ ಮೈಸೂರು ಗೆದ್ದಿತು, ಅದೂ ದಸರೆಗೆ. ಅಕ್ಟೋಬರ್ ಅಂದರೆ ನಮ್ಮ ಕಡೆ ಮೆಣಸಿನಕಾಯಿ ಇನ್ನೂ ಹೊಲದಲ್ಲಿ ಹಸಿರಾಗಿರುವ ಹೊತ್ತು. ಕೈಯಲ್ಲಿ ದುಡ್ಡಿರಲಿಲ್ಲ. ಪರಿಚಯದವರೊಬ್ಬರಲ್ಲಿ ಮೂವತ್ತು ಸಾವಿರ ತಂದೆ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ಎರಡು ರೂಪಾಯಿ ಎಂಬ ಮಾತು ಕಿವಿಗೆ ಹಗುರವಾಗಿ ಬೀಳುತ್ತದೆ. ಅದು ತಿಂಗಳಿಗೆ, ವರ್ಷಕ್ಕೆ ಶೇಕಡಾ 24. ರೈಲಿನಲ್ಲಿ ಬರ್ತ್ ಎಲ್ಲಾ ತುಂಬಿದ್ದರಿಂದ ಖಾಸಗಿ ಬಸ್ಸಿಗೆ ತಲೆಗೆ 1,200ರಂತೆ ಐವರಿಗೆ ಹೋಗಿಬರಲು ಹನ್ನೆರಡು ಸಾವಿರ. ಬೇರೆ ದಿನಗಳಲ್ಲಿ ಸಾವಿರಕ್ಕೆ ಸಿಗುವ ಕೋಣೆಗೆ ಆ ವಾರ 2,500, ಮೂರು ರಾತ್ರಿ. ಉಳಿದದ್ದು ಊಟ, ಆಟೊ, ಟಿಕೆಟ್ಟುಗಳಿಗೆ ಹೋಯಿತು. ಜಂಬೂಸವಾರಿಯ ದಿನ ಜನರ ಬೆನ್ನು ಬಿಟ್ಟರೆ ಅವ್ವ ಬೇರೇನೂ ನೋಡಲಿಲ್ಲ. ಮೊಣಕಾಲು ನೋವಿನಲ್ಲಿ ಅಷ್ಟು ಹೊತ್ತು ನಿಲ್ಲಲಾಗದೆ ಬಾಗಿಲು ಹಾಕಿದ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಫೆಬ್ರುವರಿಯಲ್ಲಿ ಬ್ಯಾಡಗಿಯಲ್ಲಿ ಚೀಲ ಮಾರಿ ಸಾಲ ತೀರಿಸುವಾಗ ಐದು ತಿಂಗಳ ಬಡ್ಡಿ ಮೂರು ಸಾವಿರ ಸೇರಿತ್ತು. ಆ ಮೂರು ಸಾವಿರಕ್ಕೆ ನಾವು ಮೈಸೂರಿನಲ್ಲಿ ಏನನ್ನೂ ನೋಡಿರಲಿಲ್ಲ, ಏನನ್ನೂ ತಿಂದಿರಲಿಲ್ಲ. ಇವತ್ತಿಗೂ ನನ್ನನ್ನು ನೋಯಿಸುವುದು ಆ ಮೂವತ್ತಲ್ಲ, ಈ ಮೂರು.

ಅಂದಿನಿಂದ ಒಂದು ನೋಟುಬುಕ್ಕು ಇಟ್ಟಿದ್ದೇನೆ. ಎಡಗಡೆ ಪುಟ ಮೈಸೂರು, ಬಲಗಡೆ ವಿಜಯಪುರ. ಬರೆಯುತ್ತಾ ಹೋದ ಹಾಗೆ ಕಂಡದ್ದೇನೆಂದರೆ, ಊರಿನ ಖರ್ಚು ಬೇರೆ, ಊರು ಮುಟ್ಟುವ ಖರ್ಚು ಬೇರೆ. ನಮ್ಮೂರಿನ ಗಳಗೇಶ್ವರನ ಗುಡಿಯನ್ನೇ ನೋಡಿ. ವರದೆ ತುಂಗಭದ್ರೆಯನ್ನು ಕೂಡುವ ಜಾಗದಲ್ಲಿ, ಬುಡದಿಂದ ಇಳಿಜಾರಾಗಿ ಮೇಲೆದ್ದ ಚಾಲುಕ್ಯರ ಕಾಲದ ಕಟ್ಟಡ. ದೂರದಿಂದ ಬಂದವರು ಗುಡಿಗೆ ಖರ್ಚು ಮಾಡುವುದು ಕಾಯಿ-ಕರ್ಪೂರದಷ್ಟು, ಗುಡಿಯ ತನಕ ಬರಲು ಸಾವಿರಗಟ್ಟಲೆ. ಅದೇ ದಾರಿಯನ್ನು ನಾವು ಉಲ್ಟಾ ಹಿಡಿದಾಗಲೂ ಲೆಕ್ಕ ಅದೇ. ರೈಲು ಹಾವೇರಿಗೆ ಬರುವುದು ಊರೆಲ್ಲ ಮಲಗಿದ ಮೇಲೆ. ಆ ಹೊತ್ತಿಗೆ ಗುತ್ತಲದ ಮೇಲಿಂದ ಸ್ಟೇಷನ್ ಸೇರಲು ಬಸ್ಸಿಲ್ಲ. ಒಂದೋ ಸಂಜೆಯೇ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ಕೂಡಬೇಕು, ಇಲ್ಲವೇ ಬಾಡಿಗೆ ಗಾಡಿಗೆ ಸಾವಿರ ಕೊಡಬೇಕು. ಮೈಸೂರಿಗೆ ಸ್ಲೀಪರ್ ಟಿಕೆಟ್ ತಲೆಗೆ ಮುನ್ನೂರರ ಮೇಲೆ, ವಿಜಯಪುರಕ್ಕೆ ಇನ್ನೂರರ ಮೇಲೆ. ಹೀಗಿರುವಾಗ ಮನೆಯಿಂದ ಸ್ಟೇಷನ್ನಿನ ತನಕದ ಸಾವಿರ ರೂಪಾಯಿ ಯಾರ ಬಜೆಟ್ಟಿನಲ್ಲೂ ಇರುವುದಿಲ್ಲ. ನನ್ನ ಬುಕ್ಕಿನ ಎರಡೂ ಪುಟಗಳಲ್ಲಿ ಈಗ ಅದೇ ಮೊದಲ ಸಾಲು.

ರೈಲಿನ ಬಗ್ಗೆ ಇನ್ನೆರಡು ಮಾತು. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಶುರುವಾಗಿಲ್ಲ. ಮೊದಲು 58 ದಾಟಿದ ಹೆಂಗಸರಿಗೆ ಅರ್ಧ ದರವಿತ್ತು. 68ರ ನಮ್ಮ ಅವ್ವನಿಗೆ ಈಗ ಪೂರ್ತಿ ಟಿಕೆಟ್. ಐದರಿಂದ ಹನ್ನೆರಡರ ಒಳಗಿನ ಮಕ್ಕಳಿಗೆ ಬೇರೆ ಬರ್ತ್ ಕೇಳಿದರೆ ದೊಡ್ಡವರ ದರವೇ. ಅಂದರೆ ರೈಲಿಗೆ ನಮ್ಮ ಮನೆ ಐದು ಪೂರ್ತಿ ಟಿಕೆಟ್ಟಿನ ಮನೆ.

ಬಸ್ಸಿಗೆ ಹಾಗಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಅವ್ವ, ಹೆಂಡತಿ, ಮಗಳು ಮೂವರಿಗೂ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಶೂನ್ಯ ಟಿಕೆಟ್. ರಾಜಹಂಸ, ಸ್ಲೀಪರ್, ಏಸಿ ಬಸ್ಸಿಗೆ ನಡೆಯದು. ನನಗೊಂದು, ಮಗನಿಗೆ ಅರ್ಧ. ಐದು ಜನರ ಮನೆ ಒಂದೂವರೆ ಟಿಕೆಟ್ಟಿನಲ್ಲಿ ರಾಜ್ಯ ಸುತ್ತಬಹುದು. ಎಷ್ಟು ಹೆಂಗಸರು ಈ ಟಿಕೆಟ್ ಹಿಡಿದು ಮೊದಲ ಸಲ ತಮ್ಮಿಷ್ಟದ ಊರು ನೋಡಿ ಬಂದರೆಂದು ನಮ್ಮ ಓಣಿಯಲ್ಲೇ ಕಂಡಿದ್ದೇನೆ, ಆ ಸಂತೋಷಕ್ಕೆ ಬೆಲೆ ಕಟ್ಟಲಾರೆ. ಆದರೆ ಮೈಸೂರಿನ ತನಕ ಇಡೀ ದಿನ ಬಸ್ಸಿನಲ್ಲಿ ಕೂತರೆ ಅವ್ವನ ಮೊಣಕಾಲು ಮರುದಿನ ಮಡಚುವುದಿಲ್ಲ. ಟಿಕೆಟ್ಟಿನಲ್ಲಿ ಉಳಿದದ್ದು ಡಾಕ್ಟರಿಗೆ ಹೋಗುತ್ತದೆ, ಒಂದು ದಿನ ಹಾಸಿಗೆಯಲ್ಲಿ ಕಳೆದದ್ದಂತೂ ವಾಪಸು ಬರುವುದಿಲ್ಲ. ವಿಜಯಪುರ ಹಾಗಲ್ಲ. ಹುಬ್ಬಳ್ಳಿಯಲ್ಲಿ ತಂಗಿಯ ಮನೆ ಇದೆ. ಒಂದು ರಾತ್ರಿ ಅಲ್ಲಿ ಉಳಿದು ದಾರಿಯನ್ನು ಎರಡು ತುಂಡು ಮಾಡಬಹುದು.

ಮನೆಯಲ್ಲಿ ಯಾರಿಗೂ ಹೊಳೆಯದ ಇನ್ನೊಂದು ವಿಷಯ ಹವೆ. ಎಲ್ಲರೂ ದಸರಾ ರಜೆಗೆ ಮೈಸೂರೆನ್ನುತ್ತಾರೆ, ಬೇಸಿಗೆ ರಜೆಗೆ ಉಳಿದ ಊರು. ನನ್ನ ಬುಕ್ಕು ಇದನ್ನು ತಿರುವುಮುರುವು ಮಾಡಿತು. ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಕಲ್ಲಿನ ಕಟ್ಟಡಗಳ ನಡುವೆ ಮಧ್ಯಾಹ್ನ ಮುದುಕರನ್ನೂ ಮಕ್ಕಳನ್ನೂ ನಡೆಸುವ ಹಾಗಿಲ್ಲ. ಮೈಸೂರು ಆಗ ಅಷ್ಟು ಸುಡುವುದಿಲ್ಲ. ಅಕ್ಟೋಬರಿನಲ್ಲಿ ಮೈಸೂರಿನ ಕೋಣೆಯ ಬೆಲೆ ಏರಿದಾಗ ವಿಜಯಪುರದಲ್ಲಿ ಹವೆ ತಣ್ಣಗೆ, ಕೋಣೆಗೆ ಮಾಮೂಲಿ ದರ. ದಸರೆಗೆ ವಿಜಯಪುರ, ಬೇಸಿಗೆಗೆ ಮೈಸೂರು. ಊರು ಆರಿಸುವ ಮುಂಚೆ ತಿಂಗಳು ಆರಿಸಬೇಕಿತ್ತೆಂದು ತಿಳಿಯಲು ನನಗೆ ಒಂದು ಸಾಲ ಬೇಕಾಯಿತು.

2024ರಲ್ಲಿ ಹಾಗೇ ಮಾಡಿದೆವು. ಆ ವರ್ಷ ಮೆಣಸಿನಕಾಯಿ ದರ ಬಿದ್ದದ್ದು, ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾದದ್ದು ಯಾರೂ ಮರೆತಿಲ್ಲ. ನಮ್ಮ ಚೀಲ ಫೆಬ್ರುವರಿಯಲ್ಲೇ ಹೋಗಿದ್ದವು, ಹಿಂದಿನ ವರ್ಷದ ದರವಂತೂ ಸಿಕ್ಕಿರಲಿಲ್ಲ. ಪ್ರವಾಸ ಬೇಡವೇ ಬೇಡ ಅಂದಿದ್ದೆ. ಹೆಂಡತಿ ಒಪ್ಪಲಿಲ್ಲ. ‘ದರ ಬಂದ ವರ್ಷ ಟ್ರ್ಯಾಕ್ಟರ್ ಟ್ರೇಲರ್ ಅಂತೀರಿ, ದರ ಬೀಳ್ತಂದ್ರ ಸಾಲ ಅಂತೀರಿ. ಮಕ್ಕಳು ಸಣ್ಣವರಿರೂ ವರ್ಷ ಯಾವುದ್ರಿ ಮತ್ತ?’ ಎಂದಳು. ಉತ್ತರವಿರಲಿಲ್ಲ. ಬೀಜ, ಗೊಬ್ಬರ, ಸೊಸೈಟಿ ಕಂತು ಎಲ್ಲ ಎತ್ತಿಟ್ಟ ಮೇಲೆ ಇಪ್ಪತ್ತು ಸಾವಿರವನ್ನು ಅಕ್ಟೋಬರ್ ತನಕ ಡಿಪಾಜಿಟ್ ಇಟ್ಟೆವು. ಏಳು ತಿಂಗಳಿಗೆ ಏಳುನೂರರಷ್ಟು ಬಡ್ಡಿ ಬಂತು. ಒಂದೇ ಮನೆಯವರು, ಒಂದೇ ಹೊಲದ ದುಡ್ಡು. ಆ ಸಲ ಮೂರು ಸಾವಿರ ಕೊಟ್ಟಿದ್ದೆವು, ಈ ಸಲ ಏಳುನೂರು ಪಡೆದೆವು.

ತಂಗಿಗೆಂದು ಎರಡು ಕಿಲೋ ಡಬ್ಬಿ ಮೆಣಸಿನಕಾಯಿ ಕಟ್ಟಿಕೊಂಡು ಹೊರಟೆವು. ಹುಬ್ಬಳ್ಳಿಯಿಂದ ಬೆಳಿಗ್ಗೆ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದದ್ದರಿಂದ ಸೀಟು ಸಿಕ್ಕಿತು. ಬಿಸಿಲೇರಿದ ಮೇಲಾದರೆ ನಿಂತೇ ಹೋಗಬೇಕು. ವಿಜಯಪುರದಲ್ಲಿ ಎರಡು ರಾತ್ರಿಗೆ ಮೂರು ಮಂಚದ ಕೋಣೆ, 2,400 ರೂಪಾಯಿ. ಗೋಲಗುಮ್ಮಟಕ್ಕೆ ತಲೆಗೆ 25, ಇಬ್ರಾಹಿಂ ರೋಜಾಕ್ಕೂ 25, ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಐದು ಜನ ಎರಡು ದೊಡ್ಡ ಕಟ್ಟಡ ನೋಡಿದ್ದಕ್ಕೆ ಕೊಟ್ಟದ್ದು ನೂರೈವತ್ತು. ಅವ್ವನಿಗಾಗಿ ಟಾಂಗಾಕ್ಕೆ ಆರುನೂರು ಕೊಟ್ಟೆವು, ಮಲಿಕ್-ಎ-ಮೈದಾನ್ ತೋಪಿನ ತನಕ, ಬಾರಾ ಕಮಾನಿನ ತನಕ. ಆಟೊದಲ್ಲಿ ಇನ್ನೂರು ಉಳಿಯುತ್ತಿತ್ತೇನೋ. ಆದರೆ ಕುದುರೆ ನಿಧಾನಕ್ಕೆ ಹೋಗುತ್ತದೆ, ಎಲ್ಲಿ ಬೇಕಾದರೂ ನಿಲ್ಲುತ್ತದೆ. ಹತ್ತುವಾಗ ಮಾತ್ರ ಅವ್ವನಿಗೆ ಒಂದು ಕೈ ಕೊಡಬೇಕಾಯಿತು.

ಗುಮ್ಮಟದ ಮೂಲೆಯ ಗೋಪುರದ ಏಳು ಅಂತಸ್ತು ಹತ್ತುವುದು ಅವ್ವನಿಗೆ ಆಗದ ಮಾತು. ಹೆಂಡತಿ ಜೊತೆಗೆ ಕೆಳಗೆ ಉಳಿದಳು. ಮಕ್ಕಳೂ ನಾನೂ ಮೇಲೆ ಹೋದೆವು. ನಲವತ್ತನಾಲ್ಕು ಮೀಟರ್ ಅಗಲದ ಗುಮ್ಮಟದ ಅಂಚಿನ ಕಟ್ಟೆಯಿಂದ ಬಾಗಿ ನೋಡಿದರೆ, ಮೊಹಮ್ಮದ್ ಆದಿಲ್ ಶಾಹನ ಸಮಾಧಿಯ ಪಕ್ಕ ಅವ್ವನ ಇಲಕಲ್ ಸೀರೆಯ ಕೆಂಪು ಸೆರಗು ಅಂಗೈಯಷ್ಟು ಕಾಣುತ್ತಿತ್ತು. ಮಗಳು ‘ಅಜ್ಜೀ’ ಎಂದು ಕೂಗಿದಳು. ಗೋಡೆ ಅದನ್ನು ಮತ್ತೆ ಮತ್ತೆ ಕೂಗಿತು. ಕೆಳಗೆ ಅವ್ವ ತಲೆಯೆತ್ತಿ, ಯಾವ ಕಡೆ ನೋಡಬೇಕೆಂದು ತಿಳಿಯದೆ ಸುತ್ತ ತಿರುಗಿ, ಕೊನೆಗೆ ಎರಡೂ ಕೈ ಮೇಲೆತ್ತಿದಳು. ಅದಕ್ಕೆ ನಾವು ಏನೂ ಕೊಟ್ಟಿರಲಿಲ್ಲ.

ವಾಪಸು ಬರುವಾಗ ಕೂಡಲಸಂಗಮದಲ್ಲಿ ಒಂದು ರಾತ್ರಿ. ಸಂಗಮದ ಊರಿನಲ್ಲೇ ಹುಟ್ಟಿ ಬೆಳೆದ ಅವ್ವ, ಕೃಷ್ಣೆ ಮಲಪ್ರಭೆ ಕೂಡುವ ನೀರನ್ನು ಬಹಳ ಹೊತ್ತು ನೋಡಿ, ‘ನಮ್ಮಲ್ಲಿಗಿಂತ ದೊಡ್ಡದು ಐತಿ’ ಎಂದಳು, ಸ್ವಲ್ಪ ಬೇಸರದಿಂದಲೇ. ಬಸ್ಸಿಗೆ 900, ಕೋಣೆಗಳಿಗೆ ಒಟ್ಟು 3,100, ಊಟಕ್ಕೆ 3,200, ಟಾಂಗಾ, ಆಟೊ, ಟಿಕೆಟ್ಟಿಗೆ 1,450. ಒಟ್ಟು 8,650. ಎರಡು ಸೀರೆಗೆ 2,200. ಉಳಿದದ್ದು 9,850.

ಅದೀಗ ಎಡಗಡೆ ಪುಟದ ಬಂಡವಾಳ. ಈ ಏಪ್ರಿಲಿಗೆ ಮೈಸೂರು. ಅವ್ವನ ಮೊಣಕಾಲಿಗಾಗಿ ರೈಲೇ ಸರಿ: ಐದು ಸ್ಲೀಪರ್ ಹೋಗಿಬರಲು 3,300, ಸ್ಟೇಷನ್ನಿನ ಬಾಡಿಗೆ ಗಾಡಿ ಎರಡು ಸಲ 2,000, ಎರಡು ರಾತ್ರಿ ಕೋಣೆ 3,000, ಊಟ 3,000, ಅರಮನೆ-ಮೃಗಾಲಯ-ಆಟೊ ಮೂರು ಸಾವಿರ. ಹದಿನಾಲ್ಕು ಸಾವಿರದ ಮುನ್ನೂರು ಆಗುತ್ತದೆ, ಇನ್ನೂ 4,450 ಬೇಕು. ಅದನ್ನು ಈ ಸಲದ ಚೀಲಗಳಿಂದ ತೆಗೆಯುತ್ತೇನೆ, ಬೇರೆಯವರ ಜೇಬಿನಿಂದಲ್ಲ. ಮಂಗಳವಾರ ಮೃಗಾಲಯಕ್ಕೆ ರಜೆ, ಅದನ್ನು ಬಿಟ್ಟು ಹೊಂದಿಸಬೇಕು. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕಿಂಗ್ ಅರವತ್ತು ದಿನಕ್ಕೆ ಇಳಿದಿದೆ, ಮೊದಲು ನೂರಿಪ್ಪತ್ತಿತ್ತು. ಗಾಡಿ ನಡುರಾತ್ರಿ ದಾಟಿ ಬಂದರೆ ಟಿಕೆಟ್ಟಿನ ತಾರೀಖು ಮರುದಿನದ್ದು, ಬುಕ್ ಮಾಡುವಾಗ ಅದನ್ನು ಎರಡು ಸಲ ನೋಡಬೇಕು.

ನಿನ್ನೆ ರಾತ್ರಿ ಊಟವಾದ ಮೇಲೆ ಕ್ಯಾಲೆಂಡರ್ ಹಿಡಿದು ಕೂತಿದ್ದೆ. ಅರಮನೆಗೆ ದೀಪ ಹಚ್ಚುವುದು ಯಾವಾಗ ಎಂದು ಅವ್ವ ಕೇಳಿದಳು. ಭಾನುವಾರ ಸಂಜೆ ಏಳಕ್ಕೆ, ಸರ್ಕಾರಿ ರಜೆ ದಿನಗಳಲ್ಲೂ ಹಚ್ಚುತ್ತಾರೆ ಅಂದೆ.

‘ಕೂಡಾಕ ಜಾಗ ಇರ್ತೈತೇನು?’

‘ಇರ್ತೈತಿ ಅವ್ವ. ದಸರಾ ಅಲ್ಲಲ್ಲ.’

‘ಹಂಗಾರ ಐದಕ್ಕ ಹೋಗಿ ಕೂಡೂಣು’ ಎಂದಳು.